ಆಪತ್ಕಾಲಕ್ಕೆ ಮೂರು ದಿನದ ನೀರು

ಕಾವೇರಿ ನೂರು ಕಿಲೋಮೀಟರ್ ದೂರದಲ್ಲಿ, ಅಂತರ್ಜಲ ಸಾವಿರ ಅಡಿ ಆಳದಲ್ಲಿ. ನಲ್ಲಿ ನಿಂತ ದಿನ ಜಾಲಹಳ್ಳಿಯ ಮನೆಯೊಂದು ಏನು ಕುಡಿಯಬೇಕು? ಕುದಿಸಿದರೆ ಹೋಗುವ ಕೇಡು ಯಾವುದು, ಕುದಿಸಿದಷ್ಟೂ ಹೆಚ್ಚುವ ಕೇಡು ಯಾವುದು? ಬೇಸಿಗೆ ಕಳೆದು ಮಳೆಗಾಲ ಕಾಲಿಡುವ ಸಂಧಿಕಾಲದಲ್ಲಿ ಪ್ರತಿ ಮನೆಯೂ ಹಾಕಿಕೊಳ್ಳಬೇಕಾದ ಲೆಕ್ಕ ಇಲ್ಲಿದೆ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನ ಪೂರ್ವದಂಚಿನ ಐಟಿ ಬಡಾವಣೆಗಳ ರಸ್ತೆಗಳು ಕಾಲುವೆಗಳಾಗಿ, ಟ್ರ್ಯಾಕ್ಟರುಗಳೂ ರಬ್ಬರ್ ದೋಣಿಗಳೂ ಜನರನ್ನು ಹೊತ್ತು ಸಾಗುತ್ತಿದ್ದ ಹೊತ್ತಿನಲ್ಲೇ, ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಕಾವೇರಿ ನೀರನ್ನು ನಗರಕ್ಕೆ ಎತ್ತುವ ಪಂಪ್‌ಹೌಸಿಗೆ ಮಳೆಯ ಪ್ರವಾಹ ನುಗ್ಗಿ, ಯಂತ್ರಗಳು ಕೆಸರುನೀರಿನಲ್ಲಿ ಮುಳುಗಿ ನಿಂತವು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಖುದ್ದಾಗಿ ಸ್ಥಳಕ್ಕೆ ತೆರಳಿದರು. ಊರೆಲ್ಲ ನೀರಾಗಿದ್ದ ಆ ದಿನಗಳಲ್ಲಿ ನಗರದ ಹಲವು ಭಾಗಗಳ ನಲ್ಲಿಗಳು ಒಣಗಿದವು.

ಮನೆಯಲ್ಲಿ ಕುಡಿಯುವ ನೀರನ್ನು ಕೂಡಿಡುವುದೆಂದರೆ ಬರಗಾಲದ ಸಿದ್ಧತೆ ಎಂಬ ರೂಢಿಯ ಎಣಿಕೆಯನ್ನು ಆ ವಾರ ಅಲುಗಾಡಿಸಿತು. ಕುಡಿಯುವ ನೀರಿನ ಆಪತ್ತು ಬರದಿಂದ ಬರುವಂತೆಯೇ ನೆರೆಯಿಂದಲೂ, ವಿದ್ಯುತ್ ಕಡಿತದಿಂದಲೂ, ಒಡೆದ ಕೊಳವೆಯಿಂದಲೂ, ಮುಂಚಿತವಾಗಿ ಪ್ರಕಟಿಸಿದ ದುರಸ್ತಿ ಕೆಲಸದಿಂದಲೂ ಬರುತ್ತದೆ. 2025ರ ಸೆಪ್ಟೆಂಬರ್ ಮಧ್ಯದಲ್ಲಿ ಕಾವೇರಿ ಪಂಪಿಂಗ್ ಕೇಂದ್ರಗಳ ನಿರ್ವಹಣೆಗಾಗಿ ಮೂರು ದಿನ ಪೂರೈಕೆಯಲ್ಲಿ ವ್ಯತ್ಯಯವಾಗುತ್ತದೆಂದು ಬೆಂಗಳೂರು ಜಲಮಂಡಳಿ ತಿಳಿಸಿದಾಗ, ಅಷ್ಟು ನೀರು ಹಿಡಿದಿಡಲು ಮನೆಯಲ್ಲಿ ಪಾತ್ರೆಯೇ ಇಲ್ಲದ ಕುಟುಂಬಗಳ ಕಷ್ಟ ಇದ್ದದ್ದೇ.

ನಗರದ ನೀರಿನ ದಾರಿಯನ್ನು ಒಮ್ಮೆ ನೋಡಿದರೆ ಈ ಅಪಾಯದ ಬೇರು ಕಾಣುತ್ತದೆ. ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿದ ಕಾವೇರಿ ನೀರನ್ನು ಹಾರೋಹಳ್ಳಿ ಮತ್ತು ತಾತಗುಣಿಯ ಮಜಲುಗಳಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ, ಒಟ್ಟು ಸುಮಾರು 500 ಮೀಟರ್ ಎತ್ತರಕ್ಕೆ ಏರಿಸಿ, ಅಂದಾಜು ನೂರು ಕಿಲೋಮೀಟರ್ ದೂರ ತರಲಾಗುತ್ತದೆ. 1974ರ ಮೊದಲ ಹಂತದಿಂದ ಹಿಡಿದು 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಐದನೆಯ ಹಂತದವರೆಗೆ ಎಲ್ಲವೂ ವಿದ್ಯುತ್ತನ್ನೇ ನಂಬಿವೆ. ನದಿ ತುಂಬಿದ್ದರೂ ಈ ಸರಪಳಿಯ ಒಂದು ಕೊಂಡಿ ಕಳಚಿದರೆ ನಲ್ಲಿ ನಿಲ್ಲುತ್ತದೆ.

ಒಂದು ಬಡಾವಣೆ, ಎರಡು ನೀರು

ಬೆಂಗಳೂರಿನ ವಾಯವ್ಯಕ್ಕಿರುವ ಜಾಲಹಳ್ಳಿ ನೀರಿನ ವಿಷಯದಲ್ಲಿ ನಗರದ ಇಡೀ ಚರಿತ್ರೆಯನ್ನು ಕಣ್ಣೆದುರಿಗೆ ಇಟ್ಟುಕೊಂಡ ಊರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರವಿದ್ದ ಈ ನೆಲದಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ತಲೆಯೆತ್ತಿದವು. ಪಕ್ಕದಲ್ಲೇ ವಾಯುಪಡೆಯ ನೆಲೆ, ಆಚೆಗೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದವು. ಕಾರ್ಖಾನೆಗಳ ಸುತ್ತ ಯೋಜಿತ ಕಾಲೊನಿಗಳು, ಕಾಲೊನಿಗಳ ಸುತ್ತ ಕಂದಾಯ ನಿವೇಶನಗಳು, ಅವುಗಳ ಸಂದುಗಳಲ್ಲಿ ಬಾಡಿಗೆ ವಠಾರಗಳು ಸೇರಿಕೊಂಡು ಇಂದಿನ ಜಾಲಹಳ್ಳಿ ರೂಪುಗೊಂಡಿದೆ.

ನಗರಕ್ಕೆ ಕೊಳವೆ ನೀರು ಮೊದಲು ಬಂದದ್ದೂ ಇದೇ ದಿಕ್ಕಿನಿಂದ. ಅರ್ಕಾವತಿಗೆ ಅಡ್ಡಲಾಗಿರುವ ಹೆಸರಘಟ್ಟ ಕೆರೆಯಿಂದ ಸೋಲದೇವನಹಳ್ಳಿಗೆ ತಾನಾಗಿ ಹರಿದು ಬಂದ ನೀರನ್ನು ಉಗಿಯಂತ್ರಗಳ ಬಲದಿಂದ ನಗರಕ್ಕೆ ಏರಿಸುವ ವ್ಯವಸ್ಥೆ 1894ರಲ್ಲಿ ಆರಂಭವಾಯಿತು. 1925ರಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿದಾಗ ಹೊಸ ಜಲಾಶಯದ ಹುಡುಕಾಟ ಶುರುವಾಗಿ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಳಕೆಗೆ ಬಂತು. ಒಂದೇ ಮೂಲವನ್ನು ನಂಬಿದ ನಗರ ಒಂದೇ ಮುಂಗಾರಿನ ಸೋಲಿಗೆ ತತ್ತರಿಸಿದ ಈ ಪಾಠಕ್ಕೆ ನೂರು ವರ್ಷ ತುಂಬಿದೆ.

ಇಂದು ಇಲ್ಲಿನ ಹಲವು ಮನೆಗಳಲ್ಲಿ ಎರಡು ಬಗೆಯ ನೀರು ಬಳಕೆಯಲ್ಲಿದೆ. ವಾರದಲ್ಲಿ ಕೆಲವು ದಿನ, ಕೆಲವು ಗಂಟೆ ಬಿಡುವ ಕಾವೇರಿ ನೀರು ಒಂದು. ಉಳಿದ ಕೆಲಸಕ್ಕೆ ಕೊಳವೆಬಾವಿಯ ಅಥವಾ ಟ್ಯಾಂಕರಿನ ನೀರು ಇನ್ನೊಂದು. ಜನರ ಮಾತಿನಲ್ಲಿ ಮೊದಲನೆಯದು ಸಿಹಿನೀರು, ಎರಡನೆಯದು ಬೋರ್ ನೀರು ಅಥವಾ ಉಪ್ಪುನೀರು. ಆದರೆ ಬಹುತೇಕ ಮನೆಗಳಲ್ಲಿ ಇವೆರಡೂ ಬಂದು ಬೀಳುವುದು ಒಂದೇ ಸಂಪಿಗೆ, ಅಂದರೆ ನೆಲದಡಿಯ ತೊಟ್ಟಿಗೆ. ಆಪತ್ಕಾಲದ ದೃಷ್ಟಿಯಿಂದ ನೋಡಿದರೆ ಈ ಬೆರಕೆಯೇ ಮನೆಯ ನೀರಿನ ವ್ಯವಸ್ಥೆಯಲ್ಲಿರುವ ದೊಡ್ಡ ದೋಷ, ಮತ್ತು ಅದಕ್ಕೆ ಕಾರಣ ಪೀಣ್ಯದ ನೆಲದಡಿಯಲ್ಲಿದೆ.

2024ರ ಬೇಸಿಗೆ ಈ ಎರಡನೆಯ ನೀರಿನ ಮಿತಿಯನ್ನು ತೋರಿಸಿಕೊಟ್ಟಿತು. ನಗರದ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಆ ಮಾರ್ಚ್‌ನಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದರು. ಐದು ಕಿಲೋಮೀಟರ್ ಒಳಗೆ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ಗೊತ್ತುಪಡಿಸಬೇಕಾಯಿತು; ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳ ಮುಂದೆ ಸಾಲು ಬೆಳೆದು, ಹಲವೆಡೆ ಒಬ್ಬರಿಗೆ ಒಂದೇ ಕ್ಯಾನ್ ಎಂಬ ನಿಯಮ ಬಂತು.

ಕುದಿಸಿದರೂ ಹೋಗದ ಕೇಡು

ನೀರು ಕೆಡುವುದು ಎರಡು ಬಗೆಯಲ್ಲಿ. ಮೊದಲನೆಯದು ಜೀವಿಗಳಿಂದ ಬರುವ ಕೇಡು: ಕಾಲರಾ, ಟೈಫಾಯ್ಡ್, ರಕ್ತಭೇದಿ, ಕಾಮಾಲೆ ತರುವ ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿಗಳು ಚರಂಡಿ ನೀರು ಬೆರೆತಾಗ ಒಳಸೇರುತ್ತವೆ. ಎರಡನೆಯದು ಕರಗಿದ ರಾಸಾಯನಿಕಗಳಿಂದ ಬರುವ ಕೇಡು: ನೈಟ್ರೇಟ್, ಫ್ಲೋರೈಡ್, ಭಾರಲೋಹಗಳು. ಮೊದಲನೆಯದು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಮಲಗಿಸುತ್ತದೆ, ಎರಡನೆಯದು ಸಾಮಾನ್ಯವಾಗಿ ವರ್ಷಗಳಲ್ಲಿ ಸವೆಸುತ್ತದೆ. ಇವೆರಡಕ್ಕೂ ಒಂದೇ ಮದ್ದಿಲ್ಲ ಎಂಬ ಸಂಗತಿಯನ್ನು ಬಿಟ್ಟು ನೀಡುವ ಯಾವ ಸಲಹೆಯೂ ಅಪೂರ್ಣ.

ಪೀಣ್ಯದಲ್ಲಿ ಲೋಹಗಳಿಗೆ ಹೊಳಪಿನ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ ಇವೆ. ವಾಹನದ ಬಿಡಿಭಾಗಕ್ಕೂ ಸ್ನಾನದಮನೆಯ ನಲ್ಲಿಗೂ ಕನ್ನಡಿಯಂಥ ಮೆರುಗು ಬರುವುದು ಕ್ರೋಮಿಯಂ ಲೇಪದಿಂದ. ಆ ಕೆಲಸದಲ್ಲಿ ಬಳಕೆಯಾಗುವ ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗುತ್ತದೆ ಮತ್ತು ದೇಹಕ್ಕೆ ವಿಷವಾಗುತ್ತದೆ. ಸಂಸ್ಕರಿಸದೆ ಹೊರಬಿಟ್ಟ ತ್ಯಾಜ್ಯನೀರು ಇಂಗಿ, ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಮತ್ತು ನೈಟ್ರೇಟ್ ಮಿತಿಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ವರದಿಯೂ ಸೇರಿದಂತೆ ಹಲವು ಅಧ್ಯಯನಗಳು ದಾಖಲಿಸಿವೆ.

ಇಲ್ಲಿನ ನೆಲ ಗಟ್ಟಿಶಿಲೆಯದು. ಅಂತರ್ಜಲ ಬಂಡೆಯ ಬಿರುಕುಗಳಲ್ಲಿ ಹರಿಯುವುದರಿಂದ ಒಂದು ಕೊಳವೆಬಾವಿಯ ನೀರು ಚೆನ್ನಾಗಿದ್ದು ನೂರು ಅಡಿ ಆಚೆಯದು ಕೆಟ್ಟಿರುವುದು ಸಾಧ್ಯ. ಆದ್ದರಿಂದ ಪೀಣ್ಯದ ಸುತ್ತಮುತ್ತಲಿನ ಎಲ್ಲ ಬೋರ್ ನೀರೂ ವಿಷವೆಂದು ತೀರ್ಮಾನಿಸುವುದೂ ತಪ್ಪು, ನೆರೆಮನೆಯವರ ಪರೀಕ್ಷಾ ವರದಿಯನ್ನು ನಂಬಿ ತಮ್ಮ ಬಾವಿಯ ನೀರನ್ನು ಕುಡಿಯುವುದೂ ತಪ್ಪು. ಪ್ರಯೋಗಾಲಯದಲ್ಲಿ ಕ್ರೋಮಿಯಂ ಮತ್ತು ನೈಟ್ರೇಟ್ ಎಂದು ಹೆಸರಿಸಿ ಪರೀಕ್ಷೆ ಮಾಡಿಸುವವರೆಗೆ ಬೋರ್ ನೀರನ್ನು ತೊಳೆಯಲು, ಬಳಿಯಲು ಮೀಸಲಿಡುವುದೇ ವಿವೇಕ.

ಕೈಯಲ್ಲಿ ಹಿಡಿಯುವ ಪುಟ್ಟ ಟಿಡಿಎಸ್ ಮೀಟರ್ ಈ ಪರೀಕ್ಷೆಗೆ ಬದಲಿಯಾಗದು. ಅದು ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣವನ್ನು ವಿದ್ಯುತ್ ವಾಹಕತೆಯ ಮೂಲಕ ಅಂದಾಜಿಸುತ್ತದೆ, ಅಷ್ಟೆ. ಅಪಾಯಕಾರಿ ಕ್ರೋಮಿಯಂ ಪ್ರಮಾಣ ಅದರ ಅಂಕಿಯಲ್ಲಿ ಗುರುತೇ ಸಿಗದಷ್ಟು ಸಣ್ಣದು. ಕಾಲರಾದ ರೋಗಾಣುವಂತೂ ಅದಕ್ಕೆ ಕಾಣುವುದೇ ಇಲ್ಲ.

ರಾಸಾಯನಿಕಗಳ ಕೇಡಿಗೆ ಕುದಿಸುವಿಕೆ ನೆರವಿಗೆ ಬರುವುದಿಲ್ಲ, ಬದಲಿಗೆ ಕೆಡುಕು ಮಾಡುತ್ತದೆ. ನೀರು ಆವಿಯಾಗಿ ಹೋದಂತೆ ಲೋಹವೂ ಲವಣವೂ ಪಾತ್ರೆಯಲ್ಲೇ ಉಳಿಯುವುದರಿಂದ, ಕುದಿಸಿ ಅರ್ಧಕ್ಕಿಳಿಸಿದ ನೀರಿನಲ್ಲಿ ನೈಟ್ರೇಟಿನ ಸಾಂದ್ರತೆ ಇಮ್ಮಡಿಯಾಗಿರುತ್ತದೆ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಾಲಿನಪುಡಿ ಕದಡಿ ಹಸುಗೂಸಿಗೆ ಕುಡಿಸಿದರೆ, ಅದರ ರಕ್ತ ಆಮ್ಲಜನಕವನ್ನು ಸಾಗಿಸಲಾರದೆ ಮೈ ನೀಲಿಗಟ್ಟುವ ಸ್ಥಿತಿ ಬರಬಹುದು. ಎಳೆಮಗುವಿರುವ ಮನೆಯಲ್ಲಿ ‘ಕುದಿಸಿದ್ದೇವಲ್ಲ’ ಎಂಬ ಸಮಾಧಾನ ಎಷ್ಟು ಅಪಾಯಕಾರಿ ಎಂಬುದನ್ನು ಪ್ರತಿ ಆರೋಗ್ಯ ಕೇಂದ್ರದಲ್ಲೂ ಬಾಣಂತಿಯರಿಗೆ ತಿಳಿಸಿ ಹೇಳಬೇಕಾಗಿದೆ.

ಬಾಕ್ಸ್: ಮಾನದಂಡ ಏನು ಹೇಳುತ್ತದೆ?
ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡ ಐಎಸ್ 10500ರ (2012) ಪ್ರಕಾರ ಒಂದು ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮೀರಬಾರದು. ಕರಗಿದ ಲವಣಾಂಶ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 2,000ದವರೆಗೆ ಒಪ್ಪಬಹುದು. 100 ಮಿಲಿಲೀಟರ್ ಮಾದರಿಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಒಂದೂ ಕಾಣಬಾರದು. ಕ್ಲೋರಿನ್ ಹಾಕಿದ ನೀರು ಮನೆ ತಲುಪುವಾಗ ಅದರಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

97 ಡಿಗ್ರಿಯ ಕುದಿ

ರೋಗಾಣುಗಳ ಕೇಡಿಗೆ ಮಾತ್ರ ಕುದಿಸುವುದಕ್ಕಿಂತ ಖಚಿತವಾದ ಮನೆಮದ್ದು ಇನ್ನೊಂದಿಲ್ಲ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ರೋಗಕಾರಕ ಬ್ಯಾಕ್ಟೀರಿಯಾ, ವೈರಸ್ ಮತ್ತು ಪರೋಪಜೀವಿಗಳು 70 ಡಿಗ್ರಿ ದಾಟಿದೊಡನೆ ಬೇಗ ಬೇಗ ಸಾಯುವುದರಿಂದ ಈ ಮೂರು ಡಿಗ್ರಿಯ ಕೊರತೆ ಲೆಕ್ಕಕ್ಕಿಲ್ಲ.

ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಏಳುವುದು ಕುದಿಯಲ್ಲ. ಇಡೀ ಮೇಲ್ಮೈ ತಳಮಳಿಸಿ ಉರುಳುವ ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಹಾಗೆಯೇ ಬಿಟ್ಟರೆ ಸಾಕು. ಹತ್ತು, ಇಪ್ಪತ್ತು ನಿಮಿಷ ಕುದಿಸುವ ಹಳೆಯ ವಾಡಿಕೆ ಗ್ಯಾಸ್ ಸಿಲಿಂಡರನ್ನು ಸುಡುತ್ತದೆಯೇ ಹೊರತು ನೀರಿಗೆ ಹೆಚ್ಚಿನ ಶುದ್ಧಿಯನ್ನೇನೂ ಕೊಡುವುದಿಲ್ಲ. ಕರೆಂಟ್ ಇಲ್ಲದ ಹೊತ್ತಿನಲ್ಲಿ ಇಂಡಕ್ಷನ್ ಒಲೆಯೂ ಕೆಲಸಕ್ಕೆ ಬಾರದೆ, ಇರುವ ಅರ್ಧ ಸಿಲಿಂಡರಿನಲ್ಲೇ ಅಡುಗೆಯೂ ಆಗಬೇಕಾದಾಗ ಈ ಉಳಿತಾಯ ದೊಡ್ಡದು.

ಕುದಿಸಿದ ನೀರಿಗೆ ಒಂದು ದೌರ್ಬಲ್ಯವಿದೆ. ಅದು ಆ ಕ್ಷಣಕ್ಕೆ ಶುದ್ಧ. ಆಮೇಲೆ ಬಂದು ಬೀಳುವ ರೋಗಾಣುವನ್ನು ಎದುರಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಕುದಿಸಿದ ಪಾತ್ರೆಯಲ್ಲೇ ಮುಚ್ಚಳ ಹಾಕಿ ಆರಿಸಿ, ಅದೇ ಪಾತ್ರೆಯಿಂದ ಬಗ್ಗಿಸಿಕೊಂಡು, ಒಂದೆರಡು ದಿನದಲ್ಲಿ ಮುಗಿಸಬೇಕು. ದಿನಗಟ್ಟಲೆ ಕೂಡಿಡುವ ನೀರಿಗೆ ಕ್ಲೋರಿನ್ನೇ ತಕ್ಕದ್ದು, ಏಕೆಂದರೆ ರೋಗಾಣುಗಳನ್ನು ಕೊಂದ ಮೇಲೂ ಅದರ ಒಂದಿಷ್ಟು ಅಂಶ ನೀರಿನಲ್ಲಿ ಉಳಿದು ಕಾವಲು ಕಾಯುತ್ತದೆ.

ಕ್ಲೋರಿನ್ ವಾಸನೆಯ ಮೇಲಿನ ಅಸಹನೆಯಿಂದ ಜನ ಆ ಕಾವಲನ್ನು ತಾವೇ ಕೈಬಿಡುವುದು ಬೇಸರದ ಸಂಗತಿ. ನೀರು ಬಿಟ್ಟ ಹೊತ್ತಿನಲ್ಲಿ ನಲ್ಲಿಯಿಂದ ಬರುವ ತೆಳುವಾದ ಕ್ಲೋರಿನ್ ವಾಸನೆ ಆ ನೀರು ಕೂಡಿಡಲು ಯೋಗ್ಯವೆಂಬುದರ ಸೂಚನೆ. ಕುಡಿಯುವ ಮೊದಲು ಒಂದು ತಂಬಿಗೆಯಲ್ಲಿ ತೆರೆದಿಟ್ಟರೆ ವಾಸನೆ ಇಳಿಯುತ್ತದೆ. ಕೂಡಿಟ್ಟ ಪಾತ್ರೆಯಿಂದ ಅದನ್ನು ಓಡಿಸಬೇಕಾಗಿಲ್ಲ.

ನೀರು ಕದಡಿದ್ದರೆ ಕ್ಲೋರಿನ್ ಮಣ್ಣಿನ ಕಣಗಳ ಮೇಲೆಯೇ ವ್ಯಯವಾಗಿ ಹೋಗುವುದರಿಂದ ಮೊದಲು ತಿಳಿಗೊಳಿಸಬೇಕು. ಹಳ್ಳಿಗಳಲ್ಲಿ ಚಿಲ್ಲದ ಬೀಜವನ್ನು ತೇಯ್ದು ಹಾಕುತ್ತಿದ್ದರು, ಪಟಿಕವನ್ನು ಆಡಿಸುತ್ತಿದ್ದರು. ಎರಡೂ ಸಣ್ಣ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುವ ಉಪಾಯಗಳೇ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಅಮೆರಿಕದ ವಿಜ್ಞಾನಿ ರೀಟಾ ಕಾಲ್ವೆಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಳೆಯ ಹತ್ತಿ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಊರುಗಳಲ್ಲಿ ಕಾಲರಾ ಪ್ರಕರಣಗಳು ಶೇ 48ರಷ್ಟು ಇಳಿದಿದ್ದವು. ಕಾಲರಾದ ರೋಗಾಣು ಅಂಟಿಕೊಳ್ಳುವ ಸೂಕ್ಷ್ಮ ಜಲಜೀವಿಗಳು ಬಟ್ಟೆಯ ಎಳೆಗಳಲ್ಲಿ ಸಿಕ್ಕಿಬೀಳುತ್ತವೆ. ಒಗೆದು ಒಗೆದು ಹಂಜಿಯೆದ್ದ ಹಳೆಯ ಬಟ್ಟೆ ಈ ಕೆಲಸಕ್ಕೆ ಹೊಸದಕ್ಕಿಂತ ಮೇಲು.

ಬಾಕ್ಸ್: ಎಷ್ಟು ನೀರಿಗೆ ಎಷ್ಟು ಕ್ಲೋರಿನ್?
ನೀರು ಶುದ್ಧಿಗೆಂದೇ ತಯಾರಾದ 0.5 ಗ್ರಾಂ ಕ್ಲೋರಿನ್ ಮಾತ್ರೆ 20 ಲೀಟರ್ ನೀರಿಗೆ ಒಂದು ಸಾಕು. ಮಾತ್ರೆಗಳ ಬಲದಲ್ಲಿ ವ್ಯತ್ಯಾಸವಿರುವುದರಿಂದ ಪೊಟ್ಟಣದ ಮೇಲಿನ ಪ್ರಮಾಣವನ್ನೇ ಪಾಲಿಸಬೇಕು. ಮಾತ್ರೆ ಸಿಗದಿದ್ದರೆ, ಸುವಾಸನೆಯಾಗಲಿ ಬಣ್ಣವಾಗಲಿ ಇಲ್ಲದ ಶೇ 5ರಿಂದ 9ರ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್ ದ್ರಾವಣವನ್ನು ಲೀಟರಿಗೆ ಎರಡು ಹನಿಯಂತೆ, ಶೇ 1ರದಾದರೆ ಹತ್ತು ಹನಿಯಂತೆ ಬೆರೆಸಿ ಅರ್ಧ ಗಂಟೆ ಬಿಡಬೇಕು. ನೀರು ಕಲಕಾಗಿದ್ದರೆ ಪ್ರಮಾಣ ಎರಡರಷ್ಟು. ನೆಲ ಒರೆಸುವ ಫಿನೈಲ್ ಮತ್ತು ಸುಗಂಧದ ದ್ರಾವಣಗಳು ಯಾವ ಕಾರಣಕ್ಕೂ ಸಲ್ಲವು. ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿ ಕ್ಲೋರಿನ್ನಿಗೆ ಜಗ್ಗದು, ಕುದಿಗೆ ಸಾಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಕುದಿಸಿದ ನೀರೇ ಕ್ಷೇಮ.

ತಾಮ್ರದ ಬಿಂದಿಗೆಯ ಸಾಕ್ಷ್ಯ

ಅಜ್ಜಿಯರ ಕಾಲದ ತಾಮ್ರದ ಬಿಂದಿಗೆಯ ಬಗ್ಗೆ ಅತಿಭಕ್ತಿಯೂ ಉಂಟು, ಅಸಡ್ಡೆಯೂ ಉಂಟು. ಇದನ್ನು ಪ್ರಯೋಗಕ್ಕೆ ಒಡ್ಡಿದ ಕೆಲಸ ನಡೆದದ್ದು ಜಾಲಹಳ್ಳಿಗೆ ಹತ್ತಿರದಲ್ಲೇ, ಯಲಹಂಕ ಬಳಿಯ ಜಾರಕಬಂಡೆ ಕಾವಲಿನಲ್ಲಿರುವ ಆಯುರ್ವೇದ ಮತ್ತು ಸಮಗ್ರ ವೈದ್ಯಕೀಯ ಸಂಸ್ಥೆಯಲ್ಲಿ. ವಿ.ಬಿ. ಪ್ರೀತಿ ಸುಧಾ, ಪದ್ಮಾ ವೆಂಕಟಸುಬ್ರಮಣಿಯನ್ ಮತ್ತು ಕೋಲ್ಕತ್ತದ ರಾಷ್ಟ್ರೀಯ ಕಾಲರಾ ಸಂಸ್ಥೆಯ ವಿಜ್ಞಾನಿಗಳು ಸೇರಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಅದು.

ಕಾಲರಾ, ಟೈಫಾಯ್ಡ್, ರಕ್ತಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಒಂದೂ ಬದುಕಿ ಉಳಿಯಲಿಲ್ಲ. ನೀರಿಗೆ ಇಳಿದ ತಾಮ್ರದ ಪ್ರಮಾಣ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕೆಳಗಿತ್ತು. ಆದರೆ ಪ್ರಯೋಗ ನಡೆದದ್ದು ಬ್ಯಾಕ್ಟೀರಿಯಾಗಳ ಮೇಲೆ. ವೈರಸ್ಸಿಗೂ ಕ್ರೋಮಿಯಂಗೂ ಬಿಂದಿಗೆ ಉತ್ತರವೆಂದು ಇದರಿಂದ ಹೇಳಲಾಗದು, ಮತ್ತು 16 ಗಂಟೆ ಎಂದರೆ ಬಾಯಾರಿ ನಿಂತವರು ಕಾಯಲಾರದಷ್ಟು ಹೊತ್ತು. ಕಾವೇರಿ ನೀರನ್ನು ಸಂಜೆ ತುಂಬಿಟ್ಟು ಮರುದಿನ ಕುಡಿಯುವ ನಿತ್ಯದ ಅಭ್ಯಾಸಕ್ಕೆ, ಕಲಾಯಿ ಇಲ್ಲದ, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆದ ತಾಮ್ರದ ಬಿಂದಿಗೆ ಒಳ್ಳೆಯ ಸಂಗಾತಿ.

ಒಲೆಯೂ ಇಲ್ಲ, ಮಾತ್ರೆಯೂ ಇಲ್ಲ ಎಂಬ ಕೊನೆಯ ಸ್ಥಿತಿಯಲ್ಲಿ ಬಿಸಿಲು ನೆರವಾಗುತ್ತದೆ. ಎರಡು ಲೀಟರಿಗೆ ಮೀರದ, ಗೀರು ಬೀಳದ ಪಾರದರ್ಶಕ ಪೆಟ್ ಬಾಟಲಿಯಲ್ಲಿ ತಿಳಿನೀರು ತುಂಬಿ ತಾರಸಿಯ ಮೇಲೆ ಮಲಗಿಸಿದರೆ, ಪ್ರಖರ ಬಿಸಿಲಿನ ಆರು ಗಂಟೆಯಲ್ಲಿ, ಮೋಡವಿದ್ದರೆ ಎರಡು ದಿನದಲ್ಲಿ, ಸೂರ್ಯನ ಅತಿನೇರಳೆ ಕಿರಣಗಳು ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಜೂನ್, ಜುಲೈನ ಮಂಕು ಹಗಲುಗಳಲ್ಲಿ ಇದನ್ನು ನೆಚ್ಚಿಕೊಳ್ಳಲಾಗದು.

ಇನ್ನು ಆರ್‌ಒ ಯಂತ್ರ. ಒತ್ತಡದಿಂದ ನೀರನ್ನು ಅತಿಸೂಕ್ಷ್ಮ ಪೊರೆಯ ಮೂಲಕ ಹಾಯಿಸುವ ಈ ಯಂತ್ರ ನೈಟ್ರೇಟನ್ನೂ ಕ್ರೋಮಿಯಂ ಅನ್ನೂ ಬಹುಮಟ್ಟಿಗೆ ತಡೆಯಬಲ್ಲದು, ಹಾಗಾಗಿ ಬೋರ್ ನೀರನ್ನೇ ಕುಡಿಯಬೇಕಾದ ಮನೆಗೆ ಇದು ನಿಜವಾದ ಆಸರೆ. ಆದರೆ ಇದಕ್ಕೆ ಕರೆಂಟೂ ಬೇಕು, ಹರಿಯುವ ನೀರೂ ಬೇಕು. ಆಪತ್ತಿನಲ್ಲಿ ಮೊದಲು ಕೈಕೊಡುವುದು ಇವೆರಡೇ. ಗೋಡೆಗೆ ಯಂತ್ರ ತೂಗುಹಾಕಿ ನೀರಿನ ಚಿಂತೆ ತೀರಿತೆಂದುಕೊಂಡ ಮನೆಯಲ್ಲಿ ಆ ದಿನ ಇರುವುದು ಯಂತ್ರದ ತೊಟ್ಟಿಯೊಳಗಿನ ಏಳೆಂಟು ಲೀಟರ್ ಮಾತ್ರ.

ನೀಲಿ ಡ್ರಮ್ಮಿನ ಅಪಾಯ

ಕೂಡಿಡುವ ಪಾತ್ರೆಯ ಆಯ್ಕೆಯಲ್ಲಿ ಕೈಗಾರಿಕಾ ಪ್ರದೇಶದ ಜನ ವಿಶೇಷವಾಗಿ ಎಚ್ಚರ ವಹಿಸಬೇಕಾದ ಒಂದು ವಸ್ತುವಿದೆ. ಗುಜರಿ ಅಂಗಡಿಗಳ ಮುಂದೆ ಒಂದರ ಮೇಲೊಂದು ಪೇರಿಸಿಟ್ಟ, ಸೊಂಟದೆತ್ತರದ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಅಗ್ಗಕ್ಕೆ ಸಿಗುತ್ತವೆ. ಮೇಲ್ಭಾಗವನ್ನು ಗರಗಸದಿಂದ ಕೊಯ್ದು ತೆರೆದಿರುತ್ತಾರೆ, ಬದಿಯಲ್ಲಿ ಹರಿದು ಉಳಿದ ಚೀಟಿಯ ಮೇಲೆ ಅಪಾಯದ ಚಿಹ್ನೆಯ ಅರ್ಧಭಾಗ ಕೆಲವೊಮ್ಮೆ ಇನ್ನೂ ಕಾಣುತ್ತಿರುತ್ತದೆ. ಆಮ್ಲ, ದ್ರಾವಕ, ಬಣ್ಣ, ಎಣ್ಣೆಗಳನ್ನು ತುಂಬಿದ್ದ ಡ್ರಮ್ಮಿನ ಗೋಡೆ ಅವುಗಳನ್ನು ಹೀರಿಕೊಂಡು, ಆಮೇಲೆ ತುಂಬಿದ ನೀರಿಗೆ ನಿಧಾನವಾಗಿ ಬಿಡುತ್ತದೆ. ಸೋಪು, ಬೂದಿ, ಬಿಸಿನೀರು ಯಾವುದರಿಂದ ತೊಳೆದರೂ ಅದು ಹೋಗುವುದಿಲ್ಲ. ಅಂಥ ಡ್ರಮ್ಮಿನಲ್ಲಿ ಕಾವೇರಿ ನೀರನ್ನು ತುಂಬಿಟ್ಟವರು ಒಳ್ಳೆಯ ನೀರನ್ನು ತಾವಾಗಿ ಕೆಡಿಸಿಕೊಂಡಂತೆ.

ಮೊದಲ ಬಳಕೆಯಿಂದಲೂ ಆಹಾರಕ್ಕೋ ನೀರಿಗೋ ಮಾತ್ರ ಬಳಸಿದ ಪಾತ್ರೆಯೇ ಆಗಬೇಕು: ತಳದ ತ್ರಿಕೋನದಲ್ಲಿ 1, 2 ಅಥವಾ 5 ಎಂಬ ಅಂಕಿಯಿರುವ ಆಹಾರ ದರ್ಜೆಯ ಪ್ಲಾಸ್ಟಿಕ್ ಕ್ಯಾನ್, ಇಲ್ಲವೇ ಸ್ಟೀಲ್ ಡಬ್ಬ. ಬಾಯಿ ಕಿರಿದಾಗಿದ್ದು, ಕೆಳಗೆ ನಲ್ಲಿ ಇದ್ದರೆ ಇನ್ನೂ ಲೇಸು. ಅಗಲಬಾಯಿಯ ಪಾತ್ರೆಯೊಳಗೆ ಚೊಂಬು ಮುಳುಗಿಸುವ ಪ್ರತಿ ಸಲವೂ ಬೆರಳ ತುದಿಗಳು ನೀರನ್ನು ಮುಟ್ಟುತ್ತವೆ. ಮೂಲದಲ್ಲಿ ಶುದ್ಧವಾಗಿದ್ದ ನೀರು ಬಾಯಿಗೆ ಹೋಗುವ ಹೊತ್ತಿಗೆ ಕೆಡುವುದು ಹೆಚ್ಚಾಗಿ ಹೀಗೆಯೇ.

ಬಾಕ್ಸ್: ಮನೆಗೆ ಎಷ್ಟು ಬೇಕು?
ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದಿಟ್ಟುಕೊಂಡರೆ ನಾಲ್ವರ ಕುಟುಂಬಕ್ಕೆ ಮೂರು ದಿನಕ್ಕೆ 48 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನು ಮತ್ತು ಒಂದು ಬಿಂದಿಗೆ. ಕಡುಬೇಸಿಗೆಯಲ್ಲಿ, ಬಾಣಂತಿಯರೋ ರೋಗಿಗಳೋ ಇರುವ ಮನೆಯಲ್ಲಿ ಇನ್ನೂ ಹೆಚ್ಚು ಬೇಕು. ಪರಿಹಾರ ಶಿಬಿರಗಳಿಗಾಗಿ ರೂಪಿಸಿದ ಅಂತರರಾಷ್ಟ್ರೀಯ ಸ್ಫಿಯರ್ ಮಾನದಂಡ ಸ್ವಚ್ಛತೆಯನ್ನೂ ಸೇರಿಸಿ ತಲೆಗೆ ದಿನಕ್ಕೆ 15 ಲೀಟರ್ ಎನ್ನುತ್ತದೆ. ಸ್ವಚ್ಛತೆಯ ಪಾಲಿಗೆ ಬೋರ್ ನೀರು ಸಾಕು.

ಕೂಡಿಟ್ಟ ಕ್ಯಾನಿನ ಮೇಲೆ ತುಂಬಿದ ದಿನಾಂಕ ಬರೆದು, ನೆರಳಿನಲ್ಲಿ, ಸೀಮೆಎಣ್ಣೆ, ಪೆಟ್ರೋಲ್, ಕೀಟನಾಶಕಗಳಿಂದ ದೂರ ಇಡಬೇಕು. ಗಾಳಿಯಾಡದಂತೆ ಮುಚ್ಚಿದ ಕ್ಲೋರಿನ್‌ಯುಕ್ತ ನೀರು ಆರು ತಿಂಗಳು ಇರಬಹುದೆಂಬ ಮಾತಿದ್ದರೂ, ನಮ್ಮ ಹವೆಗೆ ತಿಂಗಳಿಗೊಮ್ಮೆ ಬದಲಿಸುವುದು ಸರಿ; ಹಳೆಯ ನೀರು ಅಡುಗೆಗೋ ಗಿಡಕ್ಕೋ ಹೋದರೆ ಒಂದು ಹನಿಯೂ ವ್ಯರ್ಥವಲ್ಲ.

ಬಳಕೆಯ ನೀರಿನ ತೊಟ್ಟಿ, ಬಕೆಟ್ಟುಗಳದು ಬೇರೆ ಶಿಸ್ತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ಶುಭ್ರ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಮತ್ತು ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರದಿಂದ ಹತ್ತು ದಿನ ಸಾಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಅಧಿಸೂಚಿಸಿದಾಗ ಮನೆ ಮುಂದಿನ ತೊಟ್ಟಿ, ಡ್ರಮ್ಮುಗಳ ಮೇಲೆಯೇ ಕಣ್ಣಿಟ್ಟಿತ್ತು. ನೀರು ಚೆಲ್ಲಿದರೆ ಸಾಲದು. ಗೋಡೆಗಂಟಿದ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿ ಬದುಕಿರುವುದರಿಂದ ವಾರಕ್ಕೊಮ್ಮೆ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು.

ಸಂಪಿಗೆ ಚರಂಡಿ ನುಗ್ಗಿದರೆ

ಮಳೆಗಾಲದಲ್ಲಿ ರಸ್ತೆಯ ಮಟ್ಟ ಏರಿ ಮನೆ ತಗ್ಗಾದ ಕಡೆ ಚರಂಡಿ ನೀರು ಸಂಪಿಗೆ ಇಳಿಯುತ್ತದೆ. ಆಗ ಮೇಲಿನ ನೀರು ತಿಳಿಯಾಗಿ ಕಂಡರೂ ಬಳಸಕೂಡದು. ಮೊದಲು ಮೋಟಾರಿನ ವಿದ್ಯುತ್ ಸಂಪರ್ಕವನ್ನು ಮೇನ್ ಸ್ವಿಚ್ಚಿನಲ್ಲೇ ಕಡಿದು, ಹೊರಗಿನ ಪಂಪಿನಿಂದ ನೀರನ್ನೆಲ್ಲ ಖಾಲಿ ಮಾಡಿ, ಕೆಸರು ತೆಗೆದು ಗೋಡೆ ಉಜ್ಜಬೇಕು; ಗಾಳಿಯಾಡದ ಸಂಪಿಗೆ ಒಬ್ಬರೇ ಇಳಿಯುವುದು ಜೀವಕ್ಕೆ ಅಪಾಯ.

ಆಮೇಲೆ ಹೊಸ ನೀರು ತುಂಬಿ, ಪ್ರತಿ 1,000 ಲೀಟರಿಗೆ 150 ಗ್ರಾಂ ತಾಜಾ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿದು 24 ಗಂಟೆ ಬಿಡಬೇಕು. 5,000 ಲೀಟರಿನ ಸಂಪಿಗೆ ಇದು ಮುಕ್ಕಾಲು ಕಿಲೋ. ಇಷ್ಟು ಪ್ರಬಲವಾದ ನೀರು ಕುಡಿಯಲು ಯೋಗ್ಯವಲ್ಲ. ಅದನ್ನು ಪೂರ್ತಿ ಹೊರಹಾಕಿ, ಒಮ್ಮೆ ತೊಳೆದು, ನಂತರವೇ ಕಾವೇರಿ ನೀರು ಬಿಟ್ಟುಕೊಳ್ಳಬೇಕು. ಪೊಟ್ಟಣ ಒಡೆದು ತಿಂಗಳಾದ ಪೌಡರು ಬಲ ಕಳೆದುಕೊಂಡಿರುವುದರಿಂದ ಹಳತನ್ನು ನಂಬಲಾಗದು.

ಮಳೆಯನ್ನು ಆಪತ್ತಾಗಿ ಮಾತ್ರ ನೋಡಬೇಕಾಗಿಲ್ಲ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಬೆಂಗಳೂರಿನಲ್ಲಿ 1,000 ಚದರ ಅಡಿಯ ತಾರಸಿಯಿಂದ, ಸೋರಿಕೆ ಕಳೆದು, 75 ಸಾವಿರ ಲೀಟರಿನಷ್ಟು ಹಿಡಿಯಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರ ವಿಜಯನಗರದ ಮನೆ 1990ರ ದಶಕದ ನಡುವಿನಿಂದ ಮಳೆನೀರಿನಲ್ಲೇ ನಡೆಯುತ್ತಿರುವುದು ನಗರಕ್ಕೆ ತಿಳಿದ ಸಂಗತಿ. ಮಳೆನೀರು ಮಳೆಕೊಯ್ಲಿನ ನಿಯಮ ಪಾಲನೆಗಷ್ಟೇ ಇಂಗುಗುಂಡಿ ಸೇರದೆ, ಸೋಸಿ ಬೇರೆ ತೊಟ್ಟಿಯಲ್ಲಿ ನಿಂತರೆ, ಕಾವೇರಿಯೂ ಬೋರೂ ಕೈಕೊಟ್ಟ ದಿನ ಮೂರನೆಯ ಮೂಲವೊಂದು ಮನೆಯಲ್ಲೇ ಇರುತ್ತದೆ. ಕಾರ್ಖಾನೆಗಳ ಧೂಳು ತಾರಸಿಯ ಮೇಲೆ ಕೂರುವ ಈ ಭಾಗದಲ್ಲಿ ಮೊದಲ ಮಳೆಯನ್ನು ಹೊರಬಿಡುವುದು ಕಡ್ಡಾಯ.

ಸಂಪೇ ಇಲ್ಲದವರು

ಇಷ್ಟೆಲ್ಲ ಸಲಹೆಗಳ ಹಿಂದೆ ಸ್ವಂತ ಮನೆ, ಸ್ವಂತ ಸಂಪು, ಕ್ಯಾನ್ ಇಡಲು ಮೂಲೆಯೊಂದು ಇದ್ದೇ ಇದೆ ಎಂಬ ಊಹೆಯಿದೆ. ಪೀಣ್ಯದ ಗಾರ್ಮೆಂಟ್ಸ್ ಮತ್ತು ಯಂತ್ರಶಾಲೆಗಳಲ್ಲಿ ದುಡಿಯುವವರು ಬಾಳುವ ವಠಾರಗಳಲ್ಲಿ ಈ ಊಹೆ ನಿಲ್ಲುವುದಿಲ್ಲ. ಹತ್ತು ಹನ್ನೆರಡು ಮನೆಗಳಿಗೆ ಒಂದು ನಲ್ಲಿ, ಆ ನಲ್ಲಿಗೆ ಮಾಲೀಕರು ಬಿಡುವ ಬೋರ್ ನೀರು, ನೀರು ಬಿಡುವ ಹೊತ್ತಿಗೆ ಪಾಳಿಗೆ ಹೋಗಿರುವ ಹೆಂಗಸರು: ಕೆಟ್ಟ ನೀರಿನ ಪೆಟ್ಟು ಮೊದಲು ಬೀಳುವುದು ಇಲ್ಲಿ, ಅಗ್ಗದ ನೀಲಿ ಡ್ರಮ್ಮುಗಳು ಬಂದು ಸೇರುವುದೂ ಇಲ್ಲಿ.

ಇವರಿಗೆ ಬೇಕಾದದ್ದು ದುಬಾರಿಯದೇನಲ್ಲ. ವಠಾರಕ್ಕೊಂದು ಕಾವೇರಿ ನೀರಿನ ಪ್ರತ್ಯೇಕ ತೊಟ್ಟಿ ಇರಬೇಕು. ಅದಕ್ಕೆ ಬೀಗವಿರುವ ಮುಚ್ಚಳ, ಕೆಳಗೆ ನಲ್ಲಿ ಇರಬೇಕು. ಬೋರ್ ನೀರಿನ ಕೊಳವೆಗೆ ಬೇರೆ ಬಣ್ಣ ಬಳಿದು, ಮಾಲೀಕರು ವರ್ಷಕ್ಕೊಮ್ಮೆ ಮಾಡಿಸಿದ ಪರೀಕ್ಷೆಯ ವರದಿಯನ್ನು, ಅದರಲ್ಲಿ ಕ್ರೋಮಿಯಂ ಮತ್ತು ನೈಟ್ರೇಟ್ ಅಂಕಿಗಳು ಕಾಣುವಂತೆ, ನಲ್ಲಿಯ ಪಕ್ಕದ ಗೋಡೆಗೆ ಅಂಟಿಸಬೇಕು. ಓಆರ್‌ಎಸ್ ಪೊಟ್ಟಣ ಹಿಡಿದು ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಮುಂಗಾರಿಗೆ ಮೊದಲೇ ಒಂದೊಂದು ಮನೆಗೆ ಹತ್ತು ಕ್ಲೋರಿನ್ ಮಾತ್ರೆ ಇದ್ದರೆ, 20 ಲೀಟರಿಗೆ ಒಂದರಂತೆ 200 ಲೀಟರ್ ನೀರಿಗಾಯಿತು. ನಾಲ್ವರ ಮನೆಗೆ ಹನ್ನೆರಡು ದಿನಕ್ಕೆ ಅದು ಸಾಕು.